ರಟ್ಟಿನ ಬಿಲ್ಲೆಗಳು

ಕಿಟಕಿ ಪಕ್ಕದ ಬೆಂಚಿನ ಹುಡುಗಿ ತನ್ನನ್ನು ಎಣಿಸಿಕೊಳ್ಳುವುದನ್ನೇ ಮರೆತಿದ್ದಳು. ಬೆಂಚಿಗೆ ಮೂವರು, ಕೈಯಲ್ಲಿ ಹನ್ನೆರಡು ರಟ್ಟಿನ ಬಿಲ್ಲೆ, ಒಂದೊಂದು ಬಿಲ್ಲೆಯೂ ಹತ್ತರ ನೋಟು ಅಂದುಕೊಳ್ಳಿ, ಮೂವರಿಗೂ ಸಮನಾಗಿ ಹಂಚಿ ಎಂದು ಹೇಳಿ ಲೆಕ್ಕದ ಟೀಚರ್ ಬೆಂಚುಗಳ ನಡುವೆ ನಡೆಯುತ್ತಿದ್ದಳು. ಮಿಕ್ಕ ಏಳು ಬೆಂಚುಗಳ ಮೇಲೆ ನಾಲ್ಕು ನಾಲ್ಕರ ಗುಡ್ಡೆಗಳು ಬಿದ್ದಿದ್ದವು. ಇಲ್ಲಿ ಮಾತ್ರ ಎಡಗಡೆಯವಳ ಮುಂದೆ ಆರು, ಬಲಗಡೆಯವಳ ಮುಂದೆ ಆರು, ಹಂಚಿದವಳ ಮುಂದೆ ಬರೀ ಬೆಂಚಿನ ಹಲಗೆ. "ನಿನ್ನ ಪಾಲೆಲ್ಲಿ?" ಎಂದು ಕೇಳಿದರೆ ಹುಡುಗಿ ಕಣ್ಣು ಪಿಳಿಪಿಳಿ ಬಿಟ್ಟು, "ನಾನು ಹಂಚ್ತಾ ಇದ್ನಲ್ಲ ಟೀಚರ್" ಎಂದಳು. ಹಂಚುವವರಿಗೂ ಪಾಲು ಇರುತ್ತದೆನ್ನುವುದು ಯಾವ ನ್ಯಾಯ ಎಂಬಂತಿತ್ತು ಅವಳ ಮುಖ. ತರಗತಿ ಗೊಳ್ಳೆಂದು ನಕ್ಕಿತು. ವರ್ಷಕ್ಕೊಬ್ಬರಾದರೂ ಹೀಗೆ ತಮ್ಮನ್ನು ಬಿಟ್ಟು ಎಣಿಸುವವರು ಸಿಗುತ್ತಾರೆ. ಇಪ್ಪತ್ತೊಂಬತ್ತು ವರ್ಷಗಳಿಂದ ಟೀಚರೂ ಮಕ್ಕಳ ಜೊತೆ ನಕ್ಕು, ಪೆದ್ದಿ, ನೀನೂ ಒಬ್ಬಳು ತಾನೇ ಎಂದು ತಲೆ ಸವರಿ ಮುಂದೆ ಹೋಗಿದ್ದಾಳೆ. ಇವತ್ತು ನಗು ಬರಲಿಲ್ಲ. ಬಗ್ಗಿ, ಎರಡೂ ಗುಡ್ಡೆಗಳಿಂದ ಎರಡೆರಡು ಬಿಲ್ಲೆ ಎತ್ತಿ ಹುಡುಗಿಯ ಮುಂದಿಟ್ಟಳು. ಬೇರೆಯವರ ಪಾಲಿನಿಂದ ತೆಗೆದು ತನಗೆ ಕೊಟ್ಟರೆಂದು ಆ ಹುಡುಗಿ ಕಳ್ಳಿಯ ಹಾಗೆ ತಲೆ ತಗ್ಗಿಸಿ ಕೂತಳು.

ಮೇಜಿನ ಮೇಲಿದ್ದ ಕೈಚೀಲದ ಕಡೆಗೆ ಟೀಚರ್ ಕಣ್ಣು ಮತ್ತೆ ಹೋಯಿತು. ಬೆಳಿಗ್ಗೆಯಿಂದ ಎಷ್ಟನೆಯ ಸಲವೋ. ಚೀಲದೊಳಗೆ ಎರಡು ಕಂದು ಲಕೋಟೆಗಳಿದ್ದವು, ಒಂದು ಅವಳದು, ಇನ್ನೊಂದು ತಂಗಿಯದು. ಅಮ್ಮನ ಹೊಲಿಗೆ ಅಂಗಡಿ ಮಾರಿ ಬಂದದ್ದು ಮೂರು ಲಕ್ಷ ಎಪ್ಪತ್ತು ಸಾವಿರ. ಹೋದ ಭಾನುವಾರ ಅಣ್ಣನ ಮನೆಯ ಊಟದ ಮೇಜಿನ ಮೇಲೆ ಅದನ್ನು ಮೂರು ಪಾಲು ಮಾಡಿದವಳು ಅವಳೇ. ಇನ್ನು ಯಾರು ಮಾಡಬೇಕು? ಅಣ್ಣನಿಗೆ ಸೈಕಲ್ ರಿಪೇರಿ ಬಿಟ್ಟರೆ ಬೇರೆ ತಲೆನೋವು ಬೇಡ, ತಂಗಿಗೆ ಭಾಗಾಕಾರ ಬರುವುದಿಲ್ಲ. ಒಬ್ಬೊಬ್ಬರಿಗೆ ಒಂದು ಲಕ್ಷ ಇಪ್ಪತ್ತಮೂರು ಸಾವಿರದ ಮುನ್ನೂರ ಮೂವತ್ತಮೂರು, ಉಳಿದದ್ದು ಒಂದು. ಆ ಒಂದು ನಾಣ್ಯ ಮೇಜಿನ ಮಧ್ಯದಲ್ಲಿ ಬಿದ್ದಿತ್ತು. ಅಣ್ಣ ಅದನ್ನು ಬೆರಳಿನಿಂದ ತಂಗಿಯ ಕಡೆಗೆ ಚಿಮ್ಮಿ, "ಅದು ಅವಳಿಗೇ ಇರ್ಲಿ ಬಿಡು, ಅಮ್ಮನ್ನ ನೋಡ್ಕೊಂಡ ಸಂಬಳ" ಎಂದ. ತಮಾಷೆಗೇ ಅಂದದ್ದು, ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಎಲ್ಲರೂ ನಕ್ಕರು, ಅತ್ತಿಗೆ ಸ್ವಲ್ಪ ಜೋರಾಗಿಯೇ ನಕ್ಕಳು. ತಂಗಿಯೂ ನಕ್ಕು, ನಾಣ್ಯವನ್ನೂ ಸೇರಿಸಿ ತನ್ನ ಲಕೋಟೆ ಅಕ್ಕನ ಹತ್ತಿರವೇ ಇರಲಿ, ಅಂಗಡಿ ಖಾಲಿ ಮಾಡಿ ಬೀಗದ ಕೈ ಕೊಟ್ಟ ದಿನ ಶಾಲೆಗೇ ಬಂದು ತೆಗೆದುಕೊಳ್ಳುತ್ತೇನೆ ಎಂದಳು. ಆ ದಿನ ಇವತ್ತು. ಬಸ್ಸಿನಲ್ಲಿ ಬರುವಾಗ ನೋಟುಗಳ ನಡುವೆ ಆ ನಾಣ್ಯ ಉಬ್ಬಿಕೊಂಡಿರುವುದು ಚೀಲದ ಬಟ್ಟೆಯ ಮೇಲಿಂದಲೂ ಕೈಗೆ ಸಿಗುತ್ತಿತ್ತು. ಮುಟ್ಟಬಾರದೆಂದುಕೊಂಡಷ್ಟೂ ಬೆರಳು ಅಲ್ಲಿಗೇ ಹೋಗುತ್ತಿತ್ತು.

ಹೇಳಿಬಿಡಬೇಕು. ಇವತ್ತು ಹೇಳದಿದ್ದರೆ ಇನ್ನು ಹೇಳುವುದಕ್ಕೆ ಜಾಗವೇ ಇರುವುದಿಲ್ಲ, ಅಂಗಡಿಯೂ ಇಲ್ಲ, ಅಮ್ಮನೂ ಇಲ್ಲ, ತಂಗಿ ಊರಿನ ಆ ತುದಿಗೆ ಹೋಗುತ್ತಾಳೆ. ಹೇಳಬೇಕಾದದ್ದು ಇಷ್ಟೇ, ಒಂದು ಉಸಿರಿನ ಮಾತು: ನಿನ್ನನ್ನು ಶಾಲೆ ಬಿಡಿಸಿದ್ದು ಅಮ್ಮ ಅಲ್ಲ, ನಾನು. ಮೂವತ್ತೈದು ವರ್ಷಗಳ ಹಿಂದೆ ಅಂಗಡಿಯಲ್ಲಿ ಕಾಜಾ ಹಾಕುವ ಹೆಂಗಸೊಬ್ಬಳಿದ್ದಳು. ಗುಂಡಿ ತೂರುವ ಆ ಸಣ್ಣ ತೂತುಗಳ ಅಂಚನ್ನು ದಾರದಿಂದ ಸುತ್ತಿ ಸುತ್ತಿ ಗಟ್ಟಿ ಮಾಡುವುದು ಬಿಟ್ಟರೆ ಅವಳಿಗೆ ಬೇರೆ ಕೆಲಸವಿರಲಿಲ್ಲ. ಮಕ್ಕಳು ಅವಳನ್ನು ಕಾಜಾ ಅತ್ತೆ ಎನ್ನುತ್ತಿದ್ದರು. ಆಗ ಇವಳಿಗೆ ಹದಿನೆಂಟು, ತಂಗಿಗೆ ಒಂಬತ್ತು. ಟೀಚರ್ ತರಬೇತಿಗೆ ಸೀಟು ಸಿಕ್ಕಿತ್ತು. ಅಮ್ಮ ಮಿಷನ್ನಿನ ಮೇಲೆ ಕೈಯಿಟ್ಟು, "ಎಲ್ಲಿಂದ ತರ್ಲೇ, ನನ್ನ ಚರ್ಮ ಸುಲಿದು ಹೊಲಿದ್ರೂ ಅಷ್ಟಾಗಲ್ಲ" ಎಂದಿದ್ದಳು. ಇವಳು ಮೂರು ದಿನ ಉಣ್ಣದೆ ಮುಖ ಊದಿಸಿಕೊಂಡಿದ್ದಳು. ನಾಲ್ಕನೆಯ ದಿನ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದು ಲೆಕ್ಕ ಮಾಡಿದಳು. ಎರಡು ವರ್ಷದ ಫೀಸು, ಹಾಸ್ಟೆಲ್ಲು, ಪುಸ್ತಕ ಎಲ್ಲ ಸೇರಿ ಇಷ್ಟು, ತಿಂಗಳು ಇಪ್ಪತ್ತನಾಲ್ಕು, ತಿಂಗಳಿಗೆ ತೊಂಬತ್ತು. ಕಾಜಾ ಅತ್ತೆಯ ಸಂಬಳ ತಿಂಗಳಿಗೆ ತೊಂಬತ್ತು. ಉತ್ತರ ಅಷ್ಟು ಸರಿಯಾಗಿ ಕೂತಾಗ ಅವಳಿಗೆ ಆದ ಖುಷಿ ಇವತ್ತಿಗೂ ನೆನಪಿದೆ, ಅದೇ ನಾಚಿಕೆ. ಪುಸ್ತಕವನ್ನು ಅಮ್ಮನ ಮುಂದೆ ಹಿಡಿದು, "ಕಾಜಾ ಕೆಲಸ ಪುಟ್ಟಿ ಕೈಲೂ ಆಗುತ್ತಮ್ಮ, ಅವಳ ಬೆರಳು ಇನ್ನೂ ಸಣ್ಣ" ಎಂದಳು. ಅಮ್ಮ ಬಹಳ ಹೊತ್ತು ಆ ಹಾಳೆ ನೋಡಿದಳು. ಎರಡು ವಾರದ ಮೇಲೆ ಕಾಜಾ ಅತ್ತೆ ತನ್ನ ಕತ್ತರಿ ಸುತ್ತಿಕೊಂಡು ಹೋದಳು, ಪುಟ್ಟಿ ಅವಳ ಮಣೆಯ ಮೇಲೆ ಕೂತಳು.

ತಂಗಿಗೆ ಗೊತ್ತಿರುವುದು ಅಮ್ಮ ಬಿಡಿಸಿದಳು ಎಂದಷ್ಟೇ. ಅದನ್ನು ಅವಳು ಜಗಳ ಮಾಡಿ ಕೇಳಲಿಲ್ಲ, ಕೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ದೊಡ್ಡವಳಾದ ಮೇಲೆ ಅಮ್ಮನ ಜೊತೆ ಮಾತು ಕಡಿಮೆ ಮಾಡಿದಳು, ಅಷ್ಟೇ. ಹಾಸಿಗೆ ಹಿಡಿದ ಅಮ್ಮನ ಮೈ ತೊಳೆದಳು, ಮಗ್ಗುಲು ಬದಲಿಸಿದಳು, ತುತ್ತು ತಿನ್ನಿಸಿದಳು, ಒಂದು ದಿನವೂ ಮೂಗು ಮುರಿಯಲಿಲ್ಲ. ಆದರೆ ಊಟ ಆಯಿತಾ, ಮಾತ್ರೆ ತಗೊಂಡೆಯಾ ಎನ್ನುವುದರಾಚೆಗೆ ಒಂದು ಮಾತಿಲ್ಲ. ಸಾಯುವ ಹದಿನೈದು ದಿನ ಮುಂಚೆ ಇವಳು ಅಮ್ಮನ ಪಕ್ಕದಲ್ಲಿ ಕೂತು, "ಪುಟ್ಟಿಗೆ ಹೇಳಿಬಿಡ್ತೀನಮ್ಮ" ಎಂದಾಗ ಅಮ್ಮ ತಲೆಯಾಡಿಸಿದಳು. "ಬೇಡ. ನಾನು ಹೇಗಿದ್ರೂ ಹೋಗೋಳು, ನನ್ನ ಮೇಲೇ ಇರ್ಲಿ. ನೀವಿಬ್ರೂ ಒಬ್ಬರಿಗೊಬ್ರು ಉಳೀಬೇಕು." ಎಷ್ಟು ಸುಲಭವಾಗಿ ಇವಳು ಆ ಮಾತಿಗೆ ಒಪ್ಪಿಕೊಂಡಳು. ಅಮ್ಮನ ಆಸೆ, ಸಾಯುವವರ ಮಾತು ಎಂದು ಅದಕ್ಕೊಂದು ದೊಡ್ಡ ಹೆಸರಿಟ್ಟು ಕೈ ತೊಳೆದುಕೊಂಡಳು. ಅಮ್ಮ ಹೋದ ಈ ನಾಲ್ಕು ತಿಂಗಳಿಂದ ನುಂಗಲೂ ಆರಳು, ಉಗುಳಲೂ ಆರಳು. ಹೇಳಿದರೆ ತಂಗಿ ಹೋಗುತ್ತಾಳೆ. ಹೇಳದಿದ್ದರೆ ಅಮ್ಮ ಸತ್ತ ಮೇಲೂ ಗೋಡೆಯ ಫೋಟೊದಲ್ಲಿ ತಪ್ಪಿತಸ್ಥಳಾಗಿಯೇ ಕೂತಿರುತ್ತಾಳೆ.

"ಟೀಚರ್, ಅಷ್ಟು ದುಡ್ಡು ನಮ್ಮ ಹತ್ರ ಇಲ್ಲ." ಇದು ಮೂರನೆಯ ಬೆಂಚಿನ ವಕೀಲ, ಎಲ್ಲದಕ್ಕೂ ವಾದ ಹೂಡುತ್ತಾನೆಂದು ಮಕ್ಕಳೇ ಇಟ್ಟ ಹೆಸರು. ಅವಳು ತಿರುಗಿ ನೋಡಿದರೆ ಕರಿಹಲಗೆಯ ಮೇಲೆ ಮೂವತ್ತೇಳು ಎಂದು ಬರೆಯಬೇಕಾದ ಕಡೆ ಮೂರು ಲಕ್ಷ ಎಪ್ಪತ್ತು ಸಾವಿರ ಎಂದು ಬರೆದುಬಿಟ್ಟಿದ್ದಾಳೆ, ಸೊನ್ನೆಗಳೆಲ್ಲ ದುಂಡಗೆ ಸಾಲಾಗಿ. ಮಕ್ಕಳು ಬಾಯಿ ಮುಚ್ಚಿಕೊಂಡು ಕಿಸಕಿಸ ನಗುತ್ತಿದ್ದರು. ಅದೇ ಹೊತ್ತಿಗೆ ಬಾಗಿಲಲ್ಲಿ ಹೆಡ್‌ಮಿಸ್ ನಿಂತು ಹಲಗೆ ನೋಡಿ, ಇವಳನ್ನು ನೋಡಿ, "ಏನ್ ಟೀಚರ್, ಲಾಟರಿ ಹೊಡೀತಾ?" ಎಂದು ಹೋದರು. ನಿವೃತ್ತಿಗೆ ಏಳು ವರ್ಷವಿರುವ ಲೆಕ್ಕದ ಟೀಚರ್, ಮನೆಯ ಗುಟ್ಟನ್ನು ಹಲಗೆಯ ಮೇಲೆ ಬರೆದುಕೊಂಡು ನಿಂತಿದ್ದಾಳೆ. ಸೆರಗಿನಿಂದಲೇ ಸೊನ್ನೆಗಳನ್ನು ಒರೆಸಿದಳು. ಮೂವತ್ತೇಳನ್ನು ಮೂರರಿಂದ ಭಾಗಿಸಿದರೆ ಹನ್ನೆರಡು, ಉಳಿದದ್ದು ಒಂದು. "ಆ ಒಂದು ಯಾರಿಗೆ ಟೀಚರ್?" ಎಂದ ವಕೀಲ. ಯಾರಿಗೂ ಇಲ್ಲ, ಶೇಷ ಅಂತ ಬರೆದು ಪಕ್ಕದಲ್ಲಿಡು ಎಂದಳು. "ಪಕ್ಕದಲ್ಲಿ ಇಟ್ರೆ ಯಾರಾದ್ರೂ ತಗೊಂಡು ಹೋಗ್ತಾರಲ್ಲ." ಸುಮ್ನೆ ಕೂತ್ಕೋ ಎಂದು ಗದರಿದ್ದು ಅವಳು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಹೊರಟಿತು. ಹುಡುಗನ ಮುಖ ಚಿಕ್ಕದಾಯಿತು. ಕ್ಷಮಿಸು ಅನ್ನಬೇಕೆನಿಸಿ, ಮಕ್ಕಳಿಗೆ ಯಾರು ಕ್ಷಮೆ ಕೇಳುತ್ತಾರೆ ಎನಿಸಿ, ಕೊನೆಗೆ ಅವನ ಪುಸ್ತಕದ ಪುಟಕ್ಕೆ ತಪ್ಪಿದ್ದರೂ ಸರಿ ಗುರುತು ಹಾಕಿ ಬಂದಳು. ಮಧ್ಯಾಹ್ನವೆಲ್ಲ ಅದೂ ಕೊರೆಯುತ್ತಿತ್ತು.

ನಾಲ್ಕಕ್ಕೆ ಗಂಟೆ ಹೊಡೆದು ಮಕ್ಕಳು ಚೆಲ್ಲಾಪಿಲ್ಲಿಯಾಗಿ ಓಡಿದ ಮೇಲೆ ಅವಳು ಬಿಲ್ಲೆಗಳನ್ನು ತಗಡಿನ ಡಬ್ಬಿಗೆ ತುಂಬುತ್ತಿದ್ದಾಗ ತಂಗಿ ಬಂದಳು. ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ಶಾಲೆಯೊಳಗೆ ಚಪ್ಪಲಿ ಹಾಕಿಕೊಂಡು ಬರಬಹುದು ಎಂದು ಹೇಳಿದರೂ, "ಇರ್ಲಿ ಬಿಡು, ಧೂಳು" ಎಂದು ಬರಿಗಾಲಲ್ಲೇ ಒಳಗೆ ಬಂದಳು. ಹೆಗಲಿಗೆ ಒಂದು ದೊಡ್ಡ ಬಟ್ಟೆಯ ಚೀಲ. ಬೇರೆ ಬೇರೆ ಬಣ್ಣದ ತುಂಡು ಬಟ್ಟೆ ಜೋಡಿಸಿ ತಾನೇ ಹೊಲಿದದ್ದು. ಅಕ್ಕನಿಗಿಂತ ಒಂಬತ್ತು ವರ್ಷ ಚಿಕ್ಕವಳು, ನೋಡಿದರೆ ಯಾರೂ ಹೇಳರು. ಬಲಗೈ ತೋರುಬೆರಳ ತುದಿ ಸೂಜಿ ತಳ್ಳಿ ತಳ್ಳಿ ಗಟ್ಟಿಯಾಗಿ, ಅಲ್ಲಿ ಚರ್ಮಕ್ಕೆ ಹೊಳಪು ಬಂದಿತ್ತು.

"ಬೀಗ ಕೊಟ್ಟು ಬಂದೆ ಅಕ್ಕಾ. ಅಂಗಡಿ ಕೊಂಡ ಮನುಷ್ಯ ಮೂರು ಸಲ ಹಾಕಿ ತೆಗೆದು ನೋಡ್ದ, ನಾನೇನೋ ಒಡೆದಿಟ್ಟಿದ್ದೀನಿ ಅನ್ನೋ ಹಾಗೆ." ಅವಳು ನಕ್ಕಳು. "ಅಟ್ಟದ ಮೇಲಿನ ಹಾಸಿಗೆ ಸಾಮಾನೆಲ್ಲ ಹೊಸ ಬಾಡಿಗೆ ರೂಮಿಗೆ ಸೇರಿಸಿದೆ. ಇಬ್ಬರಿದ್ದಾರೆ ಅಲ್ಲಿ, ಗಾರ್ಮೆಂಟಿನವರೇ. ಒಳ್ಳೆಯವರ ಹಾಗೇ ಕಾಣ್ತಾರೆ. ನೋಡೋಣ."

"ನಮ್ಮನೇಗೆ ಬಾ ಅಂದ್ರೆ ಬರಲ್ಲ ನೀನು."

"ನಿಮ್ಮನೇಲಿ ಜಾಗ ಎಲ್ಲಿದೆ, ನಿಮಗೇ ಕಾಲು ಚಾಚೋಕಾಗಲ್ಲ." ತಂಗಿ ಸುತ್ತ ಕಣ್ಣಾಡಿಸಿದಳು, ಕರಿಹಲಗೆ, ಗೋಡೆಯ ಮೇಲಿನ ಮಗ್ಗಿಯ ಪಟ, ಪುಟ್ಟ ಬೆಂಚುಗಳು. ಲಕೋಟೆಯ ಮಾತೆತ್ತಲಿಲ್ಲ. ಆಮೇಲೆ ಸಂಕೋಚಪಡುತ್ತ, ಮುಖ ಬೇರೆ ಕಡೆ ಮಾಡಿ, "ಅಕ್ಕಾ, ಬಸ್ಸಿಗಿನ್ನೂ ಹೊತ್ತಿದೆ. ನಂಗೆ ಭಾಗಾಕಾರ ಹೇಳ್ಕೊಡ್ತೀಯಾ?" ಎಂದಳು.

ಇಷ್ಟು ವರ್ಷ ಅಕ್ಕ ಈ ಮಾತು ಬರಲೇಬಾರದೆಂದು ಕಾದಿದ್ದಳೋ, ಬರಲೆಂದೇ ಕಾದಿದ್ದಳೋ ಅವಳಿಗೇ ಗೊತ್ತಿಲ್ಲ. "ಈಗ್ಯಾಕೆ?" ಎಂದಳು, ಎಂಥ ಪ್ರಶ್ನೆ.

"ಮೂವರು ಇರ್ತೀವಲ್ಲ. ಬಾಡಿಗೆ, ಕರೆಂಟು, ಗ್ಯಾಸು ಎಲ್ಲಾ ಮೂರು ಭಾಗ. ಅವರು ಹೇಳಿದ್ದೇ ಲೆಕ್ಕ ಆಗ್ಬಾರದಲ್ಲ. ಕೂಡೋದು, ಕಳೆಯೋದು, ಗುಣಾಕಾರ ಎಲ್ಲಾ ಬರುತ್ತೆ. ಭಾಗಾಕಾರ ಮುಂದಿನ ತಿಂಗಳು ಶುರು ಮಾಡ್ತೀನಿ ಅಂದಿದ್ರು ನಮ್ಮ ಟೀಚರ್. ಆ ಮುಂದಿನ ತಿಂಗಳಿಗೆ ನಾನಿರಲಿಲ್ಲ." ದೂರುವ ದನಿಯಲ್ಲ, ಯಾವುದೋ ಅಂಗಿಗೆ ಒಂದು ಗುಂಡಿ ಕಡಿಮೆ ಬಿತ್ತು ಎನ್ನುವ ಹಾಗೆ. "ಅಮ್ಮ ಇನ್ನೊಂದು ತಿಂಗಳು ತಡೆದಿದ್ರೆ ಅದೂ ಬರ್ತಿತ್ತು."

ಈಗ ಹೇಳಬೇಕು, ಇದೇ ಜಾಗ, ಬಾಗಿಲು ತಾನಾಗಿಯೇ ತೆರೆದಿದೆ ಎಂದು ಅವಳಿಗೆ ಅನ್ನಿಸಿತು. ಅದರ ಬದಲು ಡಬ್ಬಿಯಿಂದ ಒಂದು ಹಿಡಿ ಬಿಲ್ಲೆ ತೆಗೆದು, "ಬಾ, ಕೂತ್ಕೋ, ಹನ್ನೆರಡನ್ನ ಮೂರು ಭಾಗ ಮಾಡೋಣ" ಎಂದಳು. ತಂಗಿ ಪುಟ್ಟ ಬೆಂಚಿನಲ್ಲಿ ಮಂಡಿ ಮಡಚಲಾಗದೆ ಪಕ್ಕಕ್ಕೆ ತಿರುಗಿ ಕೂತಳು. ಹನ್ನೆರಡನ್ನು ಚಕಚಕ ಹಂಚಿದಳು, ತನ್ನ ಪಾಲು ಮರೆಯಲಿಲ್ಲ. ಇದಿಷ್ಟೇನಾ ಎಂಬಂತೆ ಹುಬ್ಬೇರಿಸಿದಳು. ಬರೆದು ಮಾಡುವುದು ಹೇಗೆ ತೋರಿಸು ಎಂದಳು. ಹಲಗೆಯ ಮೇಲೆ ಗೆರೆ ಎಳೆದು, ಎಷ್ಟರಿಂದ ಭಾಗಿಸಬೇಕೋ ಅದು ಹೊರಗೆ, ಎಷ್ಟನ್ನೋ ಅದು ಒಳಗೆ, ಉತ್ತರ ಮೇಲೆ ಎಂದು ಅಕ್ಕ ತೋರಿಸುತ್ತಿದ್ದ ಹಾಗೆ ತಂಗಿಯ ಮುಖ ಅರಳಿತು. "ಅಯ್ಯೋ, ಇಂಥದ್ದೊಂದು ನನ್ನ ಹತ್ರಾನೇ ಇದೆ" ಎಂದು ಬಟ್ಟೆಯ ಚೀಲಕ್ಕೆ ಕೈ ಹಾಕಿದಳು. ಹೊರಬಂದದ್ದು ಅಮ್ಮನ ಅಳತೆ ಪುಸ್ತಕ.

"ಮಿಷನ್ ಕೆಳಗಿನ ಡ್ರಾದಲ್ಲಿತ್ತು. ಎಸೆಯೋಕೆ ಮನಸ್ಸು ಬರಲಿಲ್ಲ. ನೋಡು, ಕೊನೇ ಹಾಳೇಲಿ, ನಿನ್ನ ಕೈಬರಹಾನೇ." ಎದೆ, ಸೊಂಟ, ತೋಳು ಎಂದು ಅಮ್ಮ ಗೀಚಿದ ಪುಟಗಳನ್ನು ಸರಸರ ಮಗುಚಿ ಅವಳು ಕೊನೆಯ ಹಾಳೆ ತೆರೆದಿಟ್ಟಳು. ಒಂದು ಅಕ್ಷರವೂ ಇರಲಿಲ್ಲ, ಬರೀ ಅಂಕಿ. ಹೊರಗೆ ಇಪ್ಪತ್ತನಾಲ್ಕು, ಒಳಗೆ ಎರಡು ಸಾವಿರದ ನೂರ ಅರವತ್ತು, ಮೇಲೆ ತೊಂಬತ್ತು. ಹದಿನೆಂಟು ವರ್ಷದ ಹುಡುಗಿ ಉತ್ತರದ ಕೆಳಗೆ ಅಡಿಪಟ್ಟಿ ಇಟ್ಟು ಎರಡು ಗೆರೆ ಎಳೆದಿದ್ದಳು.

"ಅದು ದೊಡ್ಡ ಲೆಕ್ಕ, ಬೇರೆ ಸಣ್ಣದು ಕೊಡ್ತೀನಿ" ಎಂದಳು ಅಕ್ಕ. ಅವಳ ದನಿ ಅವಳಿಗೇ ಬೇರೆ ಯಾರದೋ ಎನಿಸಿತು.

"ಬೇಡ, ಇದೇ ಇರ್ಲಿ. ಇದಕ್ಕೆ ಉತ್ತರ ಬರೆದಿದೆಯಲ್ಲ, ಸರಿ ಬಂತೋ ಇಲ್ವೋ ನಾನೇ ನೋಡ್ಕೋಬಹುದು. ಬಿಲ್ಲೇಲಿ ಮಾಡ್ಲಾ ಮೊದ್ಲು? ಒಂದೊಂದೂ ಹತ್ತು ಅಂದ್ರೆ…" ತುಟಿ ಅಲುಗಿತು. "ಇನ್ನೂರ ಹದಿನಾರು ಬೇಕು. ಇದೆಯಾ ಅಷ್ಟು?"

ಇತ್ತು. ಎಂಟು ಬೆಂಚು, ಬೆಂಚಿಗೆ ಮೂರು, ಇಪ್ಪತ್ತನಾಲ್ಕು ಜಾಗವೂ ಇತ್ತು. ಇಲ್ಲ ಎನ್ನಬಹುದಿತ್ತು, ಆಯಾ ಬಾಗಿಲು ಹಾಕುವ ಹೊತ್ತಾಯಿತು ಎನ್ನಬಹುದಿತ್ತು. ಅವಳು ಸುಮ್ಮನೆ ಡಬ್ಬಿ ಮುಂದೆ ತಳ್ಳಿದಳು. ತಂಗಿ ಬಿಲ್ಲೆಗಳನ್ನು ಎಣಿಸಿ ಮಡಿಲಿಗೆ ಹಾಕಿಕೊಂಡು, ಮೊದಲ ಬೆಂಚಿನಿಂದ ಶುರು ಮಾಡಿ ಒಂದೊಂದು ಜಾಗದಲ್ಲಿ ಒಂದೊಂದನ್ನು ಇಡುತ್ತ ಹೋದಳು. ಬರಿಗಾಲಿನ ಸದ್ದು, ಹಲಗೆಯ ಮೇಲೆ ರಟ್ಟು ತಾಗುವ ಸದ್ದು. ಒಂದು ಸುತ್ತು ಮುಗಿಸಿ ಮತ್ತೆ ಮೊದಲಿಂದ. ಇದೇ ನಡಿಗೆಯಲ್ಲಿ ಒಂಬತ್ತು ವರ್ಷದ ಪುಟ್ಟಿ ಕಾಜಾ ಹಾಕಿದ ಅಂಗಿಗಳನ್ನು ತೋಳಿನ ಮೇಲೆ ಹೊತ್ತು ಅಂಗಡಿಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಳು. ರಜೆಗೆಂದು ಹಾಸ್ಟೆಲ್ಲಿನಿಂದ ಬಂದ ಅಕ್ಕ ಮೂಲೆಯಲ್ಲಿ ಕೂತು ಮಕ್ಕಳ ಮನಸ್ಸು ಎಂಬ ಪಠ್ಯಪುಸ್ತಕ ಓದುತ್ತಿದ್ದಳು, ಪರೀಕ್ಷೆಗೆ. ಪುಟ್ಟಿ ಒಂದು ದಿನ ಬಂದು, ಅದರಲ್ಲಿ ಚಿತ್ರ ಇದೆಯಾ ಎಂದು ಕೇಳಿದ್ದಳು. ಇಲ್ಲ, ಹೋಗು, ಕೈಯ ಎಣ್ಣೆ ಅಂಟಿಸಬೇಡ ಎಂದಿದ್ದಳು ಇವಳು. ಐದನೆಯ ಸುತ್ತು. ಆರನೆಯದು. ತಂಗಿ ಕಿಟಕಿ ಪಕ್ಕದ ಬೆಂಚಿಗೆ ಬಂದಾಗ ಸಂಜೆಯ ಬಿಸಿಲು ಅವಳ ನರೆತ ಕೂದಲ ಮೇಲೆ ಬಿತ್ತು. ಅವಳು ಖುಷಿಯಾಗಿದ್ದಳು. ಅದೇ ನೋಡಲಾಗದ್ದು, ಮೂವತ್ತೈದು ವರ್ಷ ತಡವಾಗಿ ಶಾಲೆಗೆ ಬಂದವಳು ಪಾಠದಲ್ಲಿ ಮುಳುಗಿ ತುಟಿಯ ತುದಿ ಕಚ್ಚಿಕೊಂಡಿದ್ದಳು.

ಮಡಿಲು ಖಾಲಿಯಾಯಿತು. ತಂಗಿ ಹತ್ತಿರದ ಗುಡ್ಡೆ ಎಣಿಸಿದಳು. "ಒಂಬತ್ತು. ಒಂಬತ್ತು ಹತ್ತು, ತೊಂಬತ್ತು. ಬಂತಲ್ಲ." ನಕ್ಕಳು. ಆಮೇಲೆ ಆ ಒಂಬತ್ತು ಬಿಲ್ಲೆಗಳನ್ನು ಮತ್ತೆ ಬೆರಳಿನಿಂದ ಒಂದೊಂದಾಗಿ ಸರಿಸಿದಳು, ನೋಟು ಎಣಿಸುವ ಹಾಗೆ. ನಗು ನಿಂತಿತು. "ಕಾಜಾ ಅತ್ತೆಗೆ ನಾವು ಕೊಡ್ತಿದ್ದದ್ದೂ ಇಷ್ಟೇ. ಒಂಬತ್ತು ಹತ್ತರ ನೋಟು. ಒಂದನೇ ತಾರೀಕು ನಾನೇ ಎಣಿಸಿ ಕೊಡ್ತಿದ್ದೆ, ಅಮ್ಮ ಬೇಕಂತ ನನ್ನ ಕೈಲೇ ಎಣಿಸೋಳು, ಎಣಿಕೆ ಬರ್ಲಿ ಅಂತ." ಪುಸ್ತಕದ ಹಾಳೆಯನ್ನು ಮತ್ತೆ ನೋಡಿ ಕೇಳಿದಳು, "ಅಕ್ಕಾ, ಇಪ್ಪತ್ತನಾಲ್ಕು ಏನು?"

"ತಿಂಗಳು."

"ಯಾವುದರ ತಿಂಗಳು?"

"ನನ್ನ ಟ್ರೇನಿಂಗಿಂದು. ಎರಡು ವರ್ಷ."

ತಂಗಿ ಇಪ್ಪತ್ತನಾಲ್ಕು ಗುಡ್ಡೆಗಳನ್ನೂ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನೋಡಿದಳು. ಹೊರಗೆ ಆಯಾ ಪೊರಕೆ ಎಳೆಯುವ ಸದ್ದು ಹತ್ತಿರವಾಗಿ ದೂರವಾಯಿತು. ತಂಗಿಯೇ ಅಕ್ಕನಿಗೊಂದು ದಾರಿ ಮಾಡಿಕೊಟ್ಟಳು, ಬೇಕೆಂದು ಮಾಡಿದಳೋ ಸುಮ್ಮನೆ ಬಾಯಿಗೆ ಬಂತೋ. "ಅಮ್ಮ ಹೇಳಿ ನಿನ್ನ ಕೈಲಿ ಬರೆಸಿದ್ದಾ ಇದು?"

ಹೂಂ ಎಂದರೆ ಮುಗಿದುಹೋಗುತ್ತಿತ್ತು. ಅಮ್ಮನೂ ಅದನ್ನೇ ಹೇಳಿ ಹೋಗಿದ್ದಳು. ಒಂದು ಹೂಂ, ಆಮೇಲೆ ಲಕೋಟೆ, ಬಸ್ಸು, ಎರಡು ತಿಂಗಳಿಗೊಮ್ಮೆ ಒಬ್ಬರ ಮನೆಗೆ ಇನ್ನೊಬ್ಬರು. ಅಕ್ಕನಿಗೆ ಬೆಳಗಿನ ಹುಡುಗಿಯ ಮುಂದಿದ್ದ ಖಾಲಿ ಹಲಗೆ ಕಣ್ಣಿಗೆ ಬಂತು.

"ಅಲ್ಲ. ಅಮ್ಮನಿಗೆ ಇದು ಹೊಳೆದೇ ಇರ್ಲಿಲ್ಲ. ನಾನೇ ಲೆಕ್ಕ ಮಾಡಿ ತೋರಿಸ್ದೆ. ಕಾಜಾ ಕೆಲಸ ಪುಟ್ಟಿ ಮಾಡ್ತಾಳೆ ಅಂದೋಳು ನಾನು. ಅಮ್ಮ ಎಂಟು ದಿನ ಬೇಡ ಅಂದ್ಳು, ನಾನು ಬಿಡ್ಲಿಲ್ಲ. ಅಮ್ಮ ಹೇಳ್ಬೇಡ ಅಂದ್ಳು. ಅದಕ್ಕೇ ಹೇಳ್ಲಿಲ್ಲ ಅಂತಲ್ಲ. ನಂಗೂ ಹೇಳೋದು ಬೇಕಿರ್ಲಿಲ್ಲ."

ತಂಗಿ ಕರಿಹಲಗೆಯ ಹತ್ತಿರ ಹೋಗಿ, ಚೂರು ಸೀಮೆಸುಣ್ಣ ಎತ್ತಿಕೊಂಡು, ತನಗೆ ಬರುವ ಗುಣಾಕಾರದಲ್ಲಿ ಇಪ್ಪತ್ತನಾಲ್ಕನ್ನು ತೊಂಬತ್ತರಿಂದ ಗುಣಿಸಿದಳು. ನಾಲ್ಕನೆಯ ತರಗತಿಯ ಮಗುವಿನ ದೊಡ್ಡ ದೊಡ್ಡ ಅಂಕಿ. ಎರಡು ಸಾವಿರದ ನೂರ ಅರವತ್ತು ಬಂತು. ಅದನ್ನು ಪುಸ್ತಕದ ಹಾಳೆಯ ಜೊತೆ ತಾಳೆ ನೋಡಿದಳು.

"ಸರಿಯಾಗಿದೆ ಅಕ್ಕಾ" ಎಂದಳು. "ನಿನ್ನ ಲೆಕ್ಕ ಸರಿಯಾಗಿದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಬೈಗುಳಕ್ಕೆ ಅವಳು ನಾಲ್ಕು ತಿಂಗಳಿಂದ ತಯಾರಾಗಿದ್ದಳು, ಒಂದೊಂದಕ್ಕೂ ಉತ್ತರ ಹೊಂದಿಸಿಟ್ಟುಕೊಂಡಿದ್ದಳು. ತಂಗಿ ಕಿಟಕಿಯ ಕಡೆಗೆ ತಿರುಗಿ ನಿಂತು, ತನ್ನಷ್ಟಕ್ಕೆ ಎಂಬಂತೆ ಮಾತಾಡಿದಳು. "ಕೊನೇಲಿ ಅಮ್ಮ ದಿನಾ ಕರೆಯೋಳು. ಒಂದು ಗಳಿಗೆ ಬಂದು ಕೂತ್ಕೋ ಪುಟ್ಟಿ, ಏನೂ ಮಾಡ್ಬೇಡ, ಸುಮ್ನೆ ಕೂತ್ಕೋ. ನಾನು ಕೂತ್ಕೊಳ್ಳಲಿಲ್ಲ. ಕಾಜಾ ಬಾಕಿ ಇದೆ ಅಂತಿದ್ದೆ. ಬೇಕಂತಾನೇ ಅಂತಿದ್ದೆ, ಆ ಮಾತು ಅವಳಿಗೆ ಚುಚ್ಚಲಿ ಅಂತ." ಬೆರಳ ಗಟ್ಟಿ ತುದಿಯನ್ನು ಹೆಬ್ಬೆರಳಿನಿಂದ ಉಜ್ಜಿಕೊಂಡಳು. "ಕೆಲವು ದಿನ ಬಾಕಿ ಏನೂ ಇರ್ತಿರ್ಲಿಲ್ಲ."

ಅಕ್ಕ ಚೀಲದಿಂದ ಎರಡು ಲಕೋಟೆಗಳನ್ನೂ ತೆಗೆದಳು. ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟಳು. "ಎರಡೂ ತಗೋ. ನಂದೂ ತಗೋ. ದಯವಿಟ್ಟು ತಗೋ ಪುಟ್ಟಿ."

ತಂಗಿ ಬಂದು ನೋಡಿದಳು. ಅಕ್ಕನ ಲಕೋಟೆಯನ್ನು ಒಂದೇ ಬೆರಳಿನಿಂದ ಹಿಂದಕ್ಕೆ ಸರಿಸಿದಳು. "ಇದು ತಗೊಂಡ್ರೆ ಸಮ ಆಯ್ತು ಅಂತ ಆಗುತ್ತೆ. ಬೇಡ." ತನ್ನದನ್ನು ಬಿಚ್ಚಿ, ನೋಟುಗಳ ನಡುವಿನಿಂದ ಆ ನಾಣ್ಯ ಹುಡುಕಿ ತೆಗೆದು, ಅಕ್ಕನ ಮುಂದೆ ಹಾಜರಿ ಪುಸ್ತಕದ ಮೇಲಿಟ್ಟಳು. "ಇದು ನನ್ನ ಪಾಲಿಗೆ ಬಂದದ್ದಲ್ಲ, ಉಳಿದದ್ದು. ನಿನ್ನ ಹತ್ರ ಇರ್ಲಿ." ಲಕೋಟೆಯನ್ನೂ ಅಮ್ಮನ ಅಳತೆ ಪುಸ್ತಕವನ್ನೂ ಬಟ್ಟೆಯ ಚೀಲಕ್ಕೆ ಹಾಕಿ ಹೆಗಲಿಗೇರಿಸಿದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಒಂದು ಗಳಿಗೆ ನಿಂತಳು. ಬಾಡಿಗೆ ಲೆಕ್ಕಕ್ಕೆ ಮತ್ತೆ ಬರುತ್ತೇನೆ ಎನ್ನಬಹುದೇನೋ ಎಂದು ಅಕ್ಕ ಆಸೆಯಿಂದ ನೋಡಿದಳು. ಚಪ್ಪಲಿಯ ಪಟ್ಟಿ ಸಿಕ್ಕಿಕೊಂಡಿತ್ತು, ಅಷ್ಟೇ.

"ಬರ್ತೀಯಾ ಇನ್ನೊಂದು ಸಲ?" ಎಂದು ಇವಳೇ ಕೇಳಿದಳು.

"ಗೊತ್ತಿಲ್ಲ ಅಕ್ಕಾ" ಎಂದು ತಂಗಿ ಹೊರಟಳು. ಅಂಗಳ ದಾಟುವವರೆಗೂ ಆ ಬಣ್ಣಬಣ್ಣದ ಚೀಲ ಕಾಣುತ್ತಿತ್ತು.

ಆಯಾ ಬಂದು ಬಾಗಿಲು ಹಾಕಬೇಕು ಎಂದಳು. ಎರಡು ನಿಮಿಷ ಎಂದು ಟೀಚರ್ ತಗಡಿನ ಡಬ್ಬಿ ಹಿಡಿದು ಮೊದಲ ಬೆಂಚಿಗೆ ಹೋದಳು. ದಿನವೂ ಮಕ್ಕಳು ಆಡಿ ಬಿಟ್ಟ ಗುಡ್ಡೆಗಳನ್ನು ಅಂಗೈಯಿಂದ ಬಾಚಿ ಡಬ್ಬಿಗೆ ಸುರಿಯುವವಳು ಇವತ್ತು ಒಂದೊಂದು ಗುಡ್ಡೆಯನ್ನೂ ಎಣಿಸಿ ಎತ್ತಿದಳು. ಒಂಬತ್ತು, ಪಕ್ಕದಲ್ಲಿ ಒಂಬತ್ತು, ಅದರ ಪಕ್ಕದಲ್ಲಿ ಒಂಬತ್ತು. ಎಲ್ಲಾದರೂ ಒಂದು ಹೆಚ್ಚಾಗಿ, ಒಂದು ಕಡಿಮೆಯಾಗಿ ಬಿದ್ದಿರಲಿ ಎಂದು ಅವಳ ಮನಸ್ಸು ಹುಡುಕುತ್ತಿತ್ತು, ಹೊಸದಾಗಿ ಕಲಿಯುವವರೆಲ್ಲ ಮಾಡುವ ತಪ್ಪು ಅದು, ಹಾಗಿದ್ದರೆ ಇನ್ನೊಂದು ಸಲ ಕರೆದು ಹೇಳಿಕೊಡುವುದಕ್ಕೆ ಏನಾದರೂ ಉಳಿದಿರುತ್ತಿತ್ತು. ಕಿಟಕಿ ಪಕ್ಕದ ಬೆಂಚಿನ ಮೂರನೆಯ ಜಾಗದವರೆಗೂ ಒಂದು ತಪ್ಪಿರಲಿಲ್ಲ. ತಂಗಿಗೆ ಭಾಗಾಕಾರ ಬಂದಿತ್ತು. ಅದಕ್ಕೆ ಅರ್ಧ ಗಂಟೆ ಹಿಡಿದಿತ್ತು, ಅಷ್ಟೇ.